ಚಾಪೆಯಗಲದ ಆಕಾಶ

ನಮ್ಮೂರಿನಿಂದ ರಾಕೆಟ್ಟು ಕಾಣುತ್ತದೆ. ಇಡೀ ಊರಿನಿಂದಲ್ಲ, ಊರೊಳಗಿನ ಯಾವುದೋ ಒಂದು ಜಾಗದಿಂದ. ಆ ಜಾಗ ಒಂದು ಚಾಪೆಯಷ್ಟು ಅಗಲ. ನಾಲ್ಕು ಜನ ತೊಡೆಗೆ ತೊಡೆ ತಾಗಿಸಿ ಕೂತರೆ ಐದನೆಯವರ ಮಂಡಿ ಹೊರಗೆ. ಅಲ್ಲಿ ಕೂತವರಿಗೆ ಹಿನ್ನೀರಿನಾಚೆ ಎಪ್ಪತ್ತು ಮೈಲಿ ದೂರದಲ್ಲಿ ಏಳುವ ರಾಕೆಟ್ಟು ಪಕ್ಕದ ಬೀದಿಯ ದೀಪದಷ್ಟು ನಿಚ್ಚಳ. ಅದರಾಚೆ ಒಂದು ಗೇಣು ಸರಿದು ನಿಂತವರಿಗೆ ಬರೀ ಆಕಾಶ, ಅದೂ ಕಾಗೆ ಸಮೇತ. ಇಷ್ಟೇ ಆಗಿದ್ದರೆ ಅಲ್ಲೊಂದು ಕಟ್ಟೆ ಕಟ್ಟಿ, ಬೇಲಿ ಹಾಕಿ, ಯಾರೋ ಪುಣ್ಯಾತ್ಮರ ಹೆಸರಿಟ್ಟು ಮುಗಿಸುತ್ತಿದ್ದೆವು. ಆದರೆ ಜಾಗ ನಿಂತಲ್ಲಿ ನಿಲ್ಲುವುದಿಲ್ಲ. ಪ್ರತಿ ಉಡಾವಣೆಗೂ ಹೊಸ ಕಡೆ ಬೀಳುತ್ತದೆ.

ಒಮ್ಮೆ ಕ್ಷೌರದಂಗಡಿಯ ಎರಡನೇ ಕುರ್ಚಿಗೆ ಬಿತ್ತು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ನಮ್ಮ ದನದ ಡಾಕ್ಟರು ಆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಉಳಿದರ್ಧ ಗಡ್ಡದ ಸಮೇತ ರಾಕೆಟ್ಟು ನೋಡಿ ಮನೆಗೆ ಹೋದರು. ಒಮ್ಮೆ ಹುಣಿಸೇಮರದ ಕೊಂಬೆಗೆ ಬಿತ್ತು. ನಾಲ್ವರು ಹತ್ತಿದರು, ಮೂವರು ಇಳಿದರು, ಒಬ್ಬರು ಬಿದ್ದರು. ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯಕ್ಕೆ ಬಿದ್ದ ಸಲವಂತೂ ಊರಿನ ಗಂಡಸರೆಲ್ಲ ಹೆಂಡಂದಿರ ಬಾಯಿಂದ ಕೇಳಿ ತಿಳಿಯಬೇಕಾಯಿತು, ಮಧ್ಯೆ ಬಾಯಿ ಹಾಕುವ ಹಾಗಿರಲಿಲ್ಲ. ಯಾರ ಮನೆಗೆ ಯಾವಾಗ ಬೀಳುತ್ತದೋ ಗೊತ್ತಿಲ್ಲವಾದ್ದರಿಂದ ಉಡಾವಣೆಯ ಹಿಂದಿನ ದಿನ ನಮ್ಮೂರಿನಷ್ಟು ಚೊಕ್ಕಟವಾದ ಊರು ಭೂಮಿಯ ಮೇಲೆ ಇರಲಾರದು. ಅಟ್ಟ ಗುಡಿಸುತ್ತಾರೆ, ಬಚ್ಚಲು ತಿಕ್ಕುತ್ತಾರೆ, ಮಂಚದ ಕೆಳಗಿನ ಟ್ರಂಕಿಗೂ ಮೋಕ್ಷ ಸಿಗುತ್ತದೆ. ಟೀವಿಯಲ್ಲಿ ನೋಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಆ ಹೊತ್ತಿಗೆ ನಮ್ಮ ಟೀವಿಗಳಲ್ಲಿ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಮಾತ್ರ. ರೇಡಿಯೋ ಹಾಡುತ್ತದೆ, ಆದರೆ ಅದಕ್ಕೆ ಕಣ್ಣಿಲ್ಲ.

ಜಾಗಕ್ಕೆ ಕಾನೂನೂ ಇದೆ. ಜಾಗ ಬಿದ್ದ ಮನೆಯವರು ಬಂದವರನ್ನು ಬೇಡ ಅನ್ನುವ ಹಾಗಿಲ್ಲ. ಆದರೆ ಯಾರನ್ನೂ ತಾವಾಗಿ ಕರೆಯುವ ಹಾಗೂ ಇಲ್ಲ. ನೋಡುವವರು ಹೊಸಲ ಹೊರಗೆ ನಿಂತು ಸ್ವಂತ ಬಾಯಿಂದ ‘ಒಳಗೆ ಬರಲೇ’ ಎಂದು ಕೇಳಬೇಕು. ಪುರಸಭೆಯ ಪಟ್ಟಿಯಲ್ಲಿ ಮೊದಲ ಹೆಸರಿನವರು ಕೇಳುವ ತನಕ, ಅಥವಾ ‘ನನಗೆ ಬೇಡ’ ಎಂದು ಬಾಯಿಬಿಟ್ಟು ಹೇಳುವ ತನಕ, ಎರಡನೆಯವರು ಕಾಲೆತ್ತುವಂತಿಲ್ಲ. ಇದನ್ನೆಲ್ಲ ಯಾರು ಮಾಡಿದರೋ ತಿಳಿಯದು. ಮಾಡಿದವರಿಗೆ ನೆಂಟರ ಕಾಟ ಜಾಸ್ತಿ ಇದ್ದಿರಬೇಕು.

ಜಾಗ ಹುಡುಕುವುದು ನನ್ನ ಕೆಲಸ. ಪುರಸಭೆಯಲ್ಲಿ ನನ್ನದು ಜಾಗ ಶಾಖೆ. ತಗಡಿನ ಮಾಡಿನ ಕೆಳಗಿರುವುದರಿಂದ ಅಲ್ಲಿ ಜಾಗ ಕಡಿಮೆ, ಶಾಖವೇ ಜಾಸ್ತಿ. ಹೆಸರು ಇಂದುಧರ. ತಲೆಯ ಮೇಲೆ ಚಂದ್ರನನ್ನು ಹೊರಬೇಕಾದವನು ಅಂಗೈ ಮೇಲೆ ಲೋಟ ಹೊತ್ತು ತಿರುಗುತ್ತೇನೆ. ಹಿತ್ತಾಳೆ ಲೋಟ, ಕಂಠದವರೆಗೆ ನೀರು. ಉಡಾವಣೆಯ ಹಿಂದಿನ ದಿನದಿಂದ ಬೀದಿ ಬೀದಿ, ಮನೆ ಮನೆ ನಡೆಯಬೇಕು. ಜಾಗದೊಳಗೆ ಕಾಲಿಟ್ಟ ಕೂಡಲೇ, ಕೈ ಅಲುಗದಿದ್ದರೂ, ನೀರು ಮೂಡಣದ ಅಂಚಿನಿಂದ ತಾನಾಗಿ ಚೆಲ್ಲುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನಮ್ಮೂರಲ್ಲಿ ನಡೆಯುವುದಿಲ್ಲ. ತುಂಬಿದ ಲೋಟ ತುಳುಕಿದರೇ ನಮಗೆ ಹಬ್ಬ. ನಾನು ಬಿ.ಎಸ್ಸಿ. ಮಾಡಿದವನು. ಇದು ಹೇಗಪ್ಪಾ ಎಂದು ಕೇಳಿದವರಿಗೆ ‘ಅದು ಮುಂದಿನ ಸೆಮಿಸ್ಟರಿಗಿತ್ತು’ ಎಂದು ಹೇಳಿ ಮುಂದೆ ಹೋಗುತ್ತೇನೆ. ಹುಡುಕಿದವನು ಚಾಪೆಯ ಮೇಲೆ ಕೂರುವ ಹಾಗಿಲ್ಲ ಎಂಬುದೂ ಕಾನೂನು. ಹಾಗಾಗಿ ಹದಿನಾಲ್ಕು ವರ್ಷದಲ್ಲಿ ನಾನು ಒಂದು ರಾಕೆಟ್ಟನ್ನೂ ನೋಡಿಲ್ಲ, ನೋಡುವವರ ಬೆನ್ನುಗಳನ್ನು ಮಾತ್ರ ನೋಡಿದ್ದೇನೆ.

ನನಗಿರುವ ಇನ್ನೊಂದು ಚಟ ದನಿ ಕದಿಯುವುದು. ಕೇಳಿದ ದನಿ ಗಂಟಲಿಗೆ ಅಂಟಿಕೊಂಡುಬಿಡುತ್ತದೆ. ನಮ್ಮ ಅಧ್ಯಕ್ಷ ಗುರುಸಿದ್ಧಪ್ಪನವರು ಮೂಗಿನಿಂದ ಮಾತಾಡುತ್ತಾರೆ. ಒಮ್ಮೆ ಅವರ ದನಿಯಲ್ಲಿ ಉಗ್ರಾಣಕ್ಕೆ ಫೋನು ಮಾಡಿ ನಮ್ಮ ಶಾಖೆಗೆ ಒಂದು ಫ್ಯಾನು ಹಾಕಿಸಿಕೊಂಡೆ. ಫ್ಯಾನು ಬಂದ ದಿನ ಅವರೇ ಬಂದು ಗುಂಡಿ ಒತ್ತಿ ಉದ್ಘಾಟಿಸಿದರು, ತಾವೇ ಯಾವಾಗಲೋ ಹೇಳಿದ್ದಿರಬೇಕು ಎಂದುಕೊಂಡು.

ಈಗ ಹೇಳಹೊರಟಿರುವುದು ನನ್ನ ಚಿಕ್ಕಮ್ಮ ಸರ್ವಮಂಗಳಳ ವಿಷಯ. ಅವಳು ನನ್ನ ತಾಯಿಯ ತಂಗಿ. ಮದುವೆಯಾಗಲಿಲ್ಲ. ಊರಾಚೆಯ ಹೊದಿಕೆ ಮನೆಯಲ್ಲಿ ಕೆಲಸ. ಉಪಗ್ರಹಗಳಿಗೆ ಬಂಗಾರದ ಬಣ್ಣದ ಹೊದಿಕೆ ಸುತ್ತಿ ಕಳಿಸುತ್ತಾರಲ್ಲ, ಅದನ್ನು ಹೊಲಿಯುವ ಮನೆ ಅದು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಗಳನ್ನು ಇಪ್ಪತ್ತು ಪದರ ಜೋಡಿಸಿ ಅಂಚನ್ನು ಕೈಯಲ್ಲೇ ಹೊಲಿಯಬೇಕು. ಬೆವರು ತಾಗಬಾರದು, ಕೂದಲು ಬೀಳಬಾರದು, ಸೀನು ಬಂದರೆ ಅಂಗಳಕ್ಕೆ ಹೋಗಿ ಸೀನಿ ಬರಬೇಕು. ಒಂದು ಹೊದಿಕೆಗೆ ಇಬ್ಬರು. ಒಬ್ಬರು ಎಡದಿಂದ, ಒಬ್ಬರು ಬಲದಿಂದ ಶುರು ಮಾಡಿ ನಡುವೆ ಸೇರುವುದು. ಚಿಕ್ಕಮ್ಮನ ಜೋಡಿ ನೀಲಾಂಬಿಕೆ. ಇಬ್ಬರ ಹೊಲಿಗೆ ಎಲ್ಲಿ ಕೂಡಿತು ಎಂಬುದು ಭೂತಗನ್ನಡಿ ಹಿಡಿದ ಅಧಿಕಾರಿಗಳಿಗೂ ತಿಳಿಯುತ್ತಿರಲಿಲ್ಲ. ಕೇಳಿದರೆ ‘ನಂದ್ಯಾವ್ದು ಅವಳದ್ಯಾವ್ದು ನಮಗೇ ಗೊತ್ತಿಲ್ಲ ಸಾರ್’ ಎಂದು ಇಬ್ಬರೂ ನಗುತ್ತಿದ್ದರು.

ರಾಕೆಟ್ಟಿಗೆ ಕೈ ಹಚ್ಚಿದ ಪ್ರತಿಯೊಬ್ಬರ ಹೆಸರೂ ಜೀವಮಾನದಲ್ಲಿ ಒಂದು ಸಲ ಪಟ್ಟಿಯ ತಲೆಗೆ ಬರುತ್ತದೆ. ಯಾವ ಸಲ ಎಂಬುದು ಅವರವರ ಇಷ್ಟ, ಕೆಲಸ ಬಿಡುವುದರೊಳಗೆ ಆಗಬೇಕು ಅಷ್ಟೇ. ಚಿಕ್ಕಮ್ಮ, ನೀಲಾಂಬಿಕೆ ಇಬ್ಬರೂ ಒಟ್ಟಿಗೇ ಹೋಗಿ ನೋಡುವುದೆಂದು ತಮ್ಮ ಸರದಿಯನ್ನು ಕಾಪಾಡಿಕೊಂಡು ಬಂದರು. ‘ಇದು ಬೇಡ ಕಣೇ, ಸಣ್ಣದು. ಮುಂದಿನದು ದೊಡ್ಡದಿದೆಯಂತೆ’ ಎಂದು, ಸೀರೆ ಅಂಗಡಿಯಲ್ಲಿ ಕೂತ ಹಾಗೆ, ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಿದ್ದರು.

ಹನ್ನೊಂದು ವರ್ಷದ ಕೆಳಗೆ ಅವರು ಹೊದಿಸಿ ಕಳಿಸಿದ ಉಪಗ್ರಹವೊಂದು ನಾಲ್ಕನೇ ದಿನ ಮೂಕವಾಯಿತು. ವಿಚಾರಣೆಗೆ ಮೂವರು ಬಂದರು. ಹೊದಿಕೆಯ ನಾಲ್ಕನೇ ಬದಿ ಬಿಚ್ಚಿಕೊಂಡಿರಬಹುದು, ಅದನ್ನು ಹೊಲಿದವರು ಯಾರು ಎಂದು ಕೇಳಿದರು. ನೀಲಾಂಬಿಕೆ ಎದ್ದು ನಿಂತು ‘ನಂದಲ್ಲ ಸಾರ್’ ಅಂದಳು. ಅಷ್ಟೇ ಮಾತು. ಚಿಕ್ಕಮ್ಮನನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿದರು. ಕೊನೆಗೆ ನೋಡಿದರೆ ದೋಷ ಹೊದಿಕೆಯದೇ ಅಲ್ಲ, ಒಳಗಿನ ಬ್ಯಾಟರಿಯದು. ಚಿಕ್ಕಮ್ಮನನ್ನು ಹಾರ ಹಾಕಿ ವಾಪಸು ಕರೆದರು. ಅಷ್ಟರಲ್ಲಿ ನೀಲಾಂಬಿಕೆ ಕೆಲಸ ಬಿಟ್ಟು ಗಾಣಿಗರ ಬೀದಿಯ ತನ್ನ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಚಿಕ್ಕಮ್ಮನ ಮನೆಗೂ ಅವಳ ಮನೆಗೂ ಮೂರು ಬೀದಿ. ಹನ್ನೊಂದು ವರ್ಷ ಮಾತಿಲ್ಲ. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು ಕಂಡರೆ ಇನ್ನೊಬ್ಬಳ ಮನೆಯಲ್ಲಿ ಆ ದಿನ ಅನ್ನವೇ, ಮುದ್ದೆಯಿಲ್ಲ.

ಈ ತಿಂಗಳ ಕೊನೆಗೆ ಚಿಕ್ಕಮ್ಮನಿಗೆ ನಿವೃತ್ತಿ. ಗುರುವಾರ ಬೆಳಿಗ್ಗೆ ಹತ್ತು ಹದಿನೇಳಕ್ಕೆ ಹೋಗುವುದು ಅವಳು ಹೊಲಿದ ಕೊನೆಯ ಹೊದಿಕೆ. ಇಪ್ಪತ್ತೆಂಟು ವರ್ಷದಲ್ಲಿ ಒಂದೂ ಏರುವುದನ್ನು ಅವಳು ನೋಡಿರಲಿಲ್ಲ. ಈ ಸಲ ನೋಡದಿದ್ದರೆ ಸರದಿ ಸತ್ತುಹೋಗುತ್ತದೆ. ಪಟ್ಟಿಯ ತಲೆಯಲ್ಲಿ ಅವಳ ಹೆಸರನ್ನು ನಾನೇ ದುಂಡಗೆ ಬರೆದೆ.

ಬುಧವಾರ ಸಂಜೆಯವರೆಗೂ ಸುತ್ತಿದೆ. ಆಸ್ಪತ್ರೆ, ಸಂತೆಮಾಳ, ಎರಡು ಸ್ಕೂಲು, ಒಂದು ಪೊಲೀಸ್ ಸ್ಟೇಷನ್ನು. ಒಂದು ಹನಿ ಚೆಲ್ಲಲಿಲ್ಲ. ಚಿಕ್ಕಮ್ಮನ ಮನೆಗೆ ಹೋದರೆ ಮಾರನೆಯ ದಿನಕ್ಕೆಂದು ಹಸಿರು ಸೀರೆ ಇಸ್ತ್ರಿ ಮಾಡುತ್ತಿದ್ದಳು.

“ಸಿಕ್ತೇನೋ ಇಂದು?”

“ಇಲ್ಲ ಚಿಕ್ಕಮ್ಮ. ನಾಳೆ ಬೆಳಿಗ್ಗೆ ಪೇಟೆ ಬೀದಿಗಳು ಬಾಕಿ ಇವೆ.”

“ಮರದ ಮೇಲೆ ಗಿರದ ಮೇಲೆ ಬಿದ್ರೆ ಮೊದ್ಲೇ ಹೇಳ್ಬಿಡು. ಈ ಸೀರೆ ಬೇಡ, ಹಳೇದು ಉಟ್ಕೊಂಡು ಬರ್ತೀನಿ.”

“ಹತ್ತುತೀಯಾ?”

“ಇಪ್ಪತ್ತೆಂಟು ವರ್ಷ ಕಾದಿದೀನಿ ಕಣೋ. ಹತ್ತದೇ ಇರ್ತೀನಾ?” ಅಂದಳು. ಇಸ್ತ್ರಿಪೆಟ್ಟಿಗೆಯ ಜೊತೆಗೆ ಅವಳ ಮುಖವೂ ಬೆಚ್ಚಗಿತ್ತು.

ಗುರುವಾರ ಏಳು ಗಂಟೆಗೆ ಗಾಣಿಗರ ಬೀದಿ ಹೊಕ್ಕೆ. ಒಂದೊಂದೇ ಮನೆ ದಾಟುತ್ತಾ ನೀಲಾಂಬಿಕೆಯ ಮನೆಗೆ ಬಂದಾಗ ಇಲ್ಲಿ ಮಾತ್ರ ಬೀಳದಿರಲಿ ಎಂದುಕೊಂಡೆ. ಜಗಲಿಯಲ್ಲಿ ಏನೂ ಆಗಲಿಲ್ಲ. ಸದ್ಯ, ಎಂದು ನಡುಮನೆಗೆ ಕಾಲಿಟ್ಟೆ. ಮೂಡಣದ ಕಿಟಕಿಯ ಮುಂದೆ ಅವಳ ಹೊಲಿಗೆ ಯಂತ್ರ ಇತ್ತು. ಅದರ ಪಕ್ಕ ಹೋಗಿ ನಿಂತೆ, ಅಷ್ಟೇ. ನೀರು ಕಿಟಕಿಯ ಕಡೆಗೆ ಮೈಬಗ್ಗಿಸಿ ಅಂಚು ದಾಟಿ ನನ್ನ ಮಣಿಕಟ್ಟಿನ ಮೇಲಿಂದ ಇಳಿದು, ಅವಳು ಕತ್ತರಿಸಿಟ್ಟಿದ್ದ ಯಾರದೋ ತೋಳಿನ ಮೇಲೆ ಬಿತ್ತು. ರವಿಕೆಯ ತೋಳು.

“ಚೆಲ್ತಾ?” ಅಂದಳು ನೀಲಾಂಬಿಕೆ. ದಪ್ಪ ಕನ್ನಡಕ, ಬಾಯಲ್ಲಿ ದಾರದ ತುದಿ. ಚಿಕ್ಕಂದಿನಲ್ಲಿ ಅವಳನ್ನು ನೀಲಾ ಚಿಕ್ಕಮ್ಮ ಎನ್ನುತ್ತಿದ್ದೆ. ಜಗಳವಾದ ಮೇಲೆ ಏನೆಂದು ಕರೆಯಬೇಕೋ ತಿಳಿಯದೆ ನೀಲಮ್ಮ ಮಾಡಿಕೊಂಡಿದ್ದೆ.

“ಚೆಲ್ತು ನೀಲಮ್ಮ.”

“ಈ ಸಲದ ಹೊದಿಕೆ ಯಾರ್ದು?”

ಅವಳು ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. “ಅವಳ್ದು. ಕೊನೇದು. ನಂಗೊತ್ತು, ತಿಂಗಳು ಎಣಿಸ್ತಾನೇ ಇದೀನಿ” ಅಂದವಳೇ ಯಂತ್ರಕ್ಕೆ ಕೈ ಹಾಕಿದಳು. “ಹಿಡ್ಕೋ ಆ ಕಡೆ. ಗೋಡೆಗೆ ಸರಿಸೋಣ.”

ಯಂತ್ರ ಸರಿಸಿದೆವು. ಗುಡಿಸಿದಳು, ಒರೆಸಿದಳು, ಚಾಪೆ ಕೊಡವಿ ಹಾಸಿದಳು, ಕಿಟಕಿಯ ಗಾಜನ್ನು ಸೀರೆಯ ಅಂಚಿನಿಂದ ತಿಕ್ಕಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಚಾಪೆಯನ್ನೇ ನೋಡುತ್ತಾ “ನಾನು ಕರೆಯೋ ಹಾಗಿಲ್ಲ, ಅಲ್ವಾ?” ಅಂದಳು.

“ಇಲ್ಲ ನೀಲಮ್ಮ. ಕಾನೂನು.”

“ಕಾನೂನು ಇಲ್ದಿದ್ರೂ ಕರೀತಿದ್ನೋ ಇಲ್ವೋ. ಅವಳೇ ಕೇಳ್ಲಿ” ಅಂದಳು. ಆದರೆ ಚಾಪೆಯ ಮೂಲೆ ಮಡಿಸಿಕೊಂಡಿದ್ದನ್ನು ಕಾಲಲ್ಲಿ ಸರಿ ಮಾಡಿದಳು.

ಚಿಕ್ಕಮ್ಮನಿಗೆ ಹೇಳಿದೆ. ಹಸಿರು ಸೀರೆ ಉಟ್ಟು, ತಲೆಗೆ ಹೂ ಮುಡಿದು ಸಿದ್ಧವಾಗಿ ಕೂತಿದ್ದಳು. ಹೇಳಿದ್ದನ್ನು ಕೇಳಿ ಹೂವನ್ನು ತೆಗೆದು ಮೇಜಿನ ಮೇಲಿಟ್ಟಳು.

“ಬೇಡ ಬಿಡು.”

“ಚಿಕ್ಕಮ್ಮ, ಇನ್ನು ಸರದಿ ಬರಲ್ಲ.”

“ಬರ್ದಿದ್ರೆ ಬೇಡ. ಅವಳ ಹೊಸಲಿಗೆ ನಿಂತು ಬರ್ಲಾ ಅಂತ ಕೇಳೋದಾ ನಾನು?”

“ಎರಡು ಮಾತು. ಒಳಗೆ, ಬರಲಾ. ಬೇಕಾದ್ರೆ ಚೀಟೀಲಿ ಬರ್ಕೊಡ್ತೀನಿ.”

“ತಮಾಷೆ ಸಾಕು. ಮರದ ಮೇಲೆ ಬಿದ್ದಿದ್ರೆ ಹತ್ತುತಿದ್ದೆ. ಬಾವೀಲಿ ಬಿದ್ದಿದ್ರೆ ಇಳೀತಿದ್ದೆ. ಹೋಗು, ನಿನ್ನ ಅಧ್ಯಕ್ಷರನ್ನ ಕೂರ್ಸು.”

“ಹಾಗಾದ್ರೆ ‘ನನಗೆ ಬೇಡ’ ಅಂತ ಅಲ್ಲೇ ಬಂದು ಹೇಳ್ಬೇಕು.”

“ಅದನ್ನೂ ಹೇಳಲ್ಲ” ಎಂದು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಆಗ ಎಂಟೂವರೆ. ದಾರಿಯಲ್ಲಿ ನನ್ನ ತಲೆಯೊಳಗೆ ಸೈತಾನ ಹೊಕ್ಕಿತು. ಕಾನೂನು ಕೇಳುವುದು ಒಂದು ಬಾಯಿ, ಒಂದು ದನಿ. ದನಿ ನನ್ನ ಹತ್ತಿರ ಇದೆ. ಚಿಕ್ಕಮ್ಮ ಕೇಳಿದಳೆಂದು ನೀಲಾಂಬಿಕೆ ತಿಳಿಯಲಿ, ಅವಳು ಬಾ ಎಂದಳೆಂದು ಚಿಕ್ಕಮ್ಮನಿಗೆ ನಾನು ಹೇಳುತ್ತೇನೆ. ಕೂತ ಮೇಲೆ ಇಬ್ಬರೂ ನನ್ನನ್ನು ಬೈದುಕೊಳ್ಳಲಿ, ಬೈಯುವುದಕ್ಕಾದರೂ ಒಂದಾಗುತ್ತಾರೆ. ಹೀಗೆಂದು ಲೆಕ್ಕ ಹಾಕಿ ನೀಲಾಂಬಿಕೆಯ ಜಗಲಿಯ ಕಂಬದ ಮರೆಗೆ ನಿಂತು, ಗಂಟಲು ಸಡಿಲ ಮಾಡಿಕೊಂಡು, ಚಿಕ್ಕಮ್ಮ ಮಾಡುವ ಹಾಗೆ ಮೊದಲು ಒಂದು ಸಣ್ಣ ಉಸಿರೆಳೆದು, ಹೇಳಿದೆ:

“ನೀಲಾ... ಒಳಗೆ ಬರ್ಲೇನೇ?”

ಒಳಗೆ ಕತ್ತರಿ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಹೆಜ್ಜೆ. ಓಡುವ ಹೆಜ್ಜೆ. “ಬಾರೇ ಮಂಗಳಾ, ಬಾ, ಬಾರೇ” ಎನ್ನುತ್ತಾ ಬರಿಗಾಲಲ್ಲಿ, ಅಳತೆಪಟ್ಟಿ ಕೊರಳಲ್ಲಿ ನೇತಾಡುತ್ತಾ, ನೀಲಾಂಬಿಕೆ ಹೊಸಲು ದಾಟಿ ಜಗಲಿಗೆ ಬಂದಳು. ಬೀದಿಯ ಎರಡೂ ಕಡೆ ನೋಡಿದಳು. ಕಂಬದ ಹಿಂದೆ ನಾನು.

ನನ್ನ ಆಯುಷ್ಯದಲ್ಲಿ ಎಷ್ಟೋ ದನಿ ಮಾಡಿ ಎಷ್ಟೋ ಜನರನ್ನು ನಗಿಸಿದ್ದೇನೆ. ಮುಖವೊಂದು ಹಾಗೆ ಆರಿಹೋಗುವುದನ್ನು ನೋಡಿರಲಿಲ್ಲ. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಕಂಬ ಹಿಡಿದುಕೊಂಡು ಮೆಲ್ಲಗೆ ಜಗಲಿಯ ಮೇಲೆ ಕೂತಳು.

“ಚೆನ್ನಾಗಿ ಮಾಡ್ತೀಯಪ್ಪ” ಅಂದಳು. “ನನ್ನ ಹೆಸರು ಹೇಳೋ ಮುಂಚೆ ಉಸಿರು ಎಳ್ಕೊಳ್ತಾಳೆ ಅವಳು. ಅದನ್ನೂ ಬಿಟ್ಟಿಲ್ಲ ನೀನು.”

“ತಪ್ಪಾಯ್ತು ನೀಲಮ್ಮ.”

“ಆಯ್ತು.” ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಇನ್ನೊಂದ್ಸಲ ಮಾಡು.”

“ಏನು?”

“ಅದೇ. ಹನ್ನೊಂದು ವರ್ಷ ಆಯ್ತು ಕೇಳಿ. ಈ ಸಲ ಮೋಸ ಅಲ್ವಲ್ಲ, ನಾನೇ ಕೇಳ್ತಿದೀನಲ್ಲ. ಮಾಡು.”

ಬಾಯಿ ತೆರೆದೆ. ಬರೀ ಗಾಳಿ ಬಂತು. ಯಾವ ದನಿಯನ್ನೂ ಕೇಳಿದ ಕೂಡಲೇ ನುಂಗಿ ಕಕ್ಕುವ ನನ್ನ ಗಂಟಲು ಆ ದಿನ ಮುಷ್ಕರ ಹೂಡಿತು. “ಆಗ್ತಿಲ್ಲ” ಎಂದು ನನ್ನದೇ ಒಡಕು ದನಿಯಲ್ಲಿ ಹೇಳಿ ಅಲ್ಲಿಂದ ಓಡಿದೆ.

ಓಡಿದ್ದು ಚಿಕ್ಕಮ್ಮನ ಮನೆಗೇ. ಬಾಗಿಲಲ್ಲೇ ನಿಂತು ಮಾಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಸೌಟು ಹಿಡಿದುಕೊಂಡೇ ಬಂದಳು ಅವಳು.

“ನನ್ನ ದನಿ ತಗೊಂಡು ಅವಳ ಬಾಗಿಲಿಗೆ ಹೋಗಿದ್ಯಾ? ನಾಚಿಕೆ ಆಗಲ್ವಾ ನಿಂಗೆ? ಏನು, ನಾನು ಸತ್ತೋಗಿದೀನಾ?”

“ಹೊಡಿ ಚಿಕ್ಕಮ್ಮ.”

“ಹೊಡೀದೇ ಏನು!” ಸೌಟು ಮೇಲೆ ಹೋಯಿತು, ಅಲ್ಲೇ ನಿಂತಿತು. “ಓಡಿ ಬಂದ್ಲು ಅಂದ್ಯಾ?”

“ಓಡಿ.”

“ಚಪ್ಪಲಿ?”

“ಇಲ್ಲ. ಕತ್ತರಿ ಬೀಳಿಸಿ ಓಡಿಬಂದ್ರು. ಬಾರೇ ಮಂಗಳಾ, ಬಾರೇ ಅಂತ.”

ಸೌಟು ಕೆಳಗಿಳಿಯಿತು. “ಎಡಗಾಲಿನ ಮಂಡಿ ಸರಿಯಿಲ್ಲ ಅವಳಿಗೆ. ಓಡಬಾರದು” ಅಂದಳು. ಸೌಟನ್ನು ಎಲ್ಲಿಡಬೇಕೋ ತಿಳಿಯದವಳಂತೆ ನನ್ನ ಕೈಗೇ ಕೊಟ್ಟಳು. ಒಳಗೆ ಹೋಗಿ ಎಷ್ಟೋ ಹೊತ್ತು ಬರಲಿಲ್ಲ. ಗಡಿಯಾರ ಒಂಬತ್ತೂಮುಕ್ಕಾಲು ದಾಟಿ ಐದು ನಿಮಿಷವಾದಾಗ ಚಪ್ಪಲಿ ಮೆಟ್ಟಿ ಬಂದಳು. ಹೂವನ್ನು ಮೇಜಿನ ಮೇಲೇ ಬಿಟ್ಟು, “ನಡಿ” ಅಂದಳು.

ಗಾಣಿಗರ ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಪ್ರತಿ ಪಟ್ಟಿಯಲ್ಲೂ ಎರಡನೆಯವರಾಗಿರುವುದು ಅಧ್ಯಕ್ಷರ ಹಕ್ಕು. ಗುರುಸಿದ್ಧಪ್ಪನವರು ಗರಿಗರಿ ಪಂಚೆಯುಟ್ಟು ಕಂಕುಳಲ್ಲಿ ರೇಡಿಯೋ ಇಟ್ಟುಕೊಂಡು ಜಗಲಿಯ ಕೆಳಗೆ ನಿಂತಿದ್ದರು. ಮೂರನೆಯವರು ರಾಕೆಟ್ಟಿನ ಟ್ಯಾಂಕಿಗೆ ಬಣ್ಣ ಬಳಿದ ಪೇಂಟರು. ಬಾಗಿಲು ಹಾರುಹೊಡೆದಿತ್ತು. ಒಳಗೆ ಕಿಟಕಿಯ ಮುಂದೆ ಚಾಪೆ, ಚಾಪೆಯ ಮೇಲೆ ನೀಲಾಂಬಿಕೆ. ಮನೆಯವರಿಗೆ ಒಂದು ಜಾಗ ಯಾವಾಗಲೂ ಉಂಟು. ಕಿಟಕಿಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಚಿಕ್ಕಮ್ಮ ಜಗಲಿ ಹತ್ತಿದಳು. ಹೊಸಲ ಮುಂದೆ ನಿಂತಳು. ಅವಳ ಪಕ್ಕ ಪಟ್ಟಿ ಹಿಡಿದು ನಾನು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಹನ್ನೊಂದು ವರ್ಷದಲ್ಲಿ ಒಬ್ಬಳ ಕೂದಲು ಬೆಳ್ಳಗಾಗಿದೆ, ಇನ್ನೊಬ್ಬಳ ಕನ್ನಡಕ ದಪ್ಪವಾಗಿದೆ ಎಂಬುದನ್ನೆಲ್ಲ ಅವರು ಅಲ್ಲೇ ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದ ಹಾಗಿತ್ತು. ಚಿಕ್ಕಮ್ಮನ ತುಟಿ ಅಲುಗುತ್ತಿತ್ತು, ನಿಲ್ಲುತ್ತಿತ್ತು.

ಹತ್ತು ಗಂಟೆ ಹತ್ತು ನಿಮಿಷ. ಹನ್ನೆರಡು.

“ಅಮ್ಮಾ, ಕೇಳ್ರೀ. ಇಲ್ಲಾ ಬೇಡ ಅಂದ್ಬಿಡ್ರೀ” ಎಂದು ಅಧ್ಯಕ್ಷರು ಮೂಗಿನಿಂದ ಬೇಡಿಕೊಂಡರು. “ನಾವೂ ಬದುಕ್ಕೊಳ್ತೀವಿ.”

ಚಿಕ್ಕಮ್ಮ ತಿರುಗದೆಯೇ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ಇಂದು, ನೀನೇ ಕೇಳೋ. ನನ್ನ ದನೀಲೇ ಕೇಳು. ಪರವಾಗಿಲ್ಲ.”

“ಆಗಲ್ಲ ಚಿಕ್ಕಮ್ಮ.”

“ಬೆಳಿಗ್ಗೆ ಆಯ್ತಲ್ಲ.”

“ಆಗ ಅವರ ಮುಖ ನೋಡಿರಲಿಲ್ಲ.”

ರೇಡಿಯೋ ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಕೊನೆಗೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸತೊಡಗಿತು. ಬೀದಿಯ ಜನರೆಲ್ಲ ಅದರ ಜೊತೆ ತುಟಿಯಲ್ಲೇ ಎಣಿಸಿದರು. ಹದಿಮೂರು, ಹನ್ನೆರಡು. ಚಿಕ್ಕಮ್ಮ ಬಾಗಿಲವಾಡ ಹಿಡಿದು ಸಣ್ಣಗೆ ಉಸಿರೆಳೆದುಕೊಂಡಳು.

“ನೀಲಾ.”

“ಹೂಂ.”

“ಆ ನಾಲ್ಕನೇ ಬದಿ ನಂದೇ ಕಣೇ.”

“ಗೊತ್ತು.”

“ಅವರು ಮೊದ್ಲು ಒಳಗೆ ಕರೆದು ಕೇಳಿದ್ದು ನನ್ನ. ಗೊತ್ತಿಲ್ಲ ಸಾರ್ ಅಂದೆ. ಯಾವಾಗಲೂ ಹಾಗೇ ಅಂತಿದ್ವಲ್ಲ, ಹಾಗೇ ಅಂದೆ. ಆದ್ರೆ ಆ ದಿನ ನಂಗೆ ಹೆದರಿಕೆ ಇತ್ತು. ನಿಂದೂ ಇರಬಹುದು ಅಂದ್ಕೊಳ್ಳಲಿ ಅಂತಲೇ ಹಾಗಂದೆ. ನೀನು ನಿಜ ಹೇಳ್ದೆ. ಅದಕ್ಕೆ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆ.”

ಇದು ಊರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೀಲಾಂಬಿಕೆಗೂ ಗೊತ್ತಿರಲಿಲ್ಲವೆಂದು ಅವಳ ಕೈಗಳು ಮಡಿಲಿನಿಂದ ಜಾರಿ ಚಾಪೆಯ ಮೇಲೆ ಬಿದ್ದ ರೀತಿಯಲ್ಲೇ ತಿಳಿಯಿತು. ರೇಡಿಯೋದಲ್ಲಿ ಗಡಗಡ ಸದ್ದು ಶುರುವಾಗಿತ್ತು. ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ, ನಾನು ನಿಂತ ಕಡೆಗೆ, ಬರೀ ಖಾಲಿ ಆಕಾಶ.

“ಹನ್ನೊಂದು ವರ್ಷ,” ಅಂದಳು ನೀಲಾಂಬಿಕೆ. “ನಾನು ಬಾಯಿ ಬಿಡಬಾರದಿತ್ತು ಅಂತ ದಿನಾ ಅಂದ್ಕೊಂಡೆ ಕಣೇ ನಾನು.”

“ಬಿಟ್ಟಿದ್ದು ಸರಿ ಆಯ್ತು. ಒಳಗೆ ಬರ್ಲೇನೇ?”

“ಬಾ. ಹೊಸಲು ಎತ್ತರ ಇದೆ, ನೋಡ್ಕೊಂಡು ದಾಟು.”

ಚಿಕ್ಕಮ್ಮ ಚಪ್ಪಲಿ ಬಿಟ್ಟಳು. ದಾಟಿದಳು. ಚಾಪೆಯ ಮೇಲೆ ಕೂತು ಕಿಟಕಿಯ ಕಡೆ ಮುಖವೆತ್ತಿದಳು. ನೀಲಾಂಬಿಕೆಯೂ ಆಗ ತಿರುಗಿದಳು. ನಾನು ಬಾಗಿಲಲ್ಲೇ ಇದ್ದುದರಿಂದ ಅವರ ಮಾತು ನನಗೆ ಮಾತ್ರ ಕೇಳಿಸಿತು.

“ಎಲ್ಲೇ?”

“ಅಗೋ, ಬಿಳೀ ಗೆರೆ. ಹೋಗ್ಬಿಡ್ತು ಅನ್ಸತ್ತೆ.”

“ಅಷ್ಟು ಬೇಗನಾ?”

“ಮಾತಾಡ್ತಾ ನಿಂತಿದ್ಯಲ್ಲೇ. ಗಾಳಿಗೆ ಗೆರೆ ಕೂಡ ಸೊಟ್ಟ ಆಗ್ತಿದೆ ನೋಡು.”

“ನೀನು ನೋಡಿದ್ಯಾ?”

“ನಾನೆಲ್ಲಿ ನೋಡ್ಲಿ? ಬಾಗಿಲು ನೋಡ್ತಿದ್ದೆ.”

ಚಿಕ್ಕಮ್ಮ ಕಿಟಕಿಯನ್ನೇ ನೋಡುತ್ತಾ ಕೂತಳು. ಅವಳ ಬೆನ್ನು ಮೆಲ್ಲಗೆ ಬಾಗಿತು. ಇಪ್ಪತ್ತೆಂಟು ವರ್ಷ ಮುಂದಕ್ಕೆ ಹಾಕುತ್ತಾ ಬಂದದ್ದು ಎರಡು ನಿಮಿಷದಲ್ಲಿ, ಅವಳ ಬೆನ್ನ ಹಿಂದೆಯೂ ಅಲ್ಲ, ಕಣ್ಣೆದುರಿಗೇ ಮುಗಿದುಹೋಗಿತ್ತು. ನೀಲಾಂಬಿಕೆ ಅವಳ ಮೊಣಕೈ ಮುಟ್ಟಿದಳು.

“ನೀನು ಹೊದಿಸಿದ್ಮೇಲೆ ಅದಕ್ಕೆ ಚಳಿ ಆಗಲ್ಲ ಬಿಡು” ಅಂದಳು.

ಆಮೇಲೆ ಚಿಕ್ಕಮ್ಮನ ಮೂಗಿನಿಂದ ಒಂದು ಸದ್ದು ಹೊರಟಿತು. ಅಳು ಎಂದುಕೊಂಡೆ. ಅಳುವೂ ಇತ್ತು, ಆದರೆ ಮೊದಲು ಬಂದದ್ದು ನಗು. ನೀಲಾಂಬಿಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎರಡು ಬೆನ್ನುಗಳೂ ಒಂದೇ ಸಮ ಕುಲುಕತೊಡಗಿದವು.

“ಏನಮ್ಮಾ, ಏನಾಯ್ತು? ಹೇಗಿತ್ತು?” ಅಧ್ಯಕ್ಷರು ಜಗಲಿಯ ಕೆಳಗಿನಿಂದ ಕತ್ತು ಚಾಚಿದರು. ಇಡೀ ಬೀದಿ ಅವರ ಹಿಂದೆ ಕತ್ತು ಚಾಚಿತು. ನಮ್ಮೂರಲ್ಲಿ ಚಾಪೆಯವರು ನೋಡಿದ್ದನ್ನೇ ಉಳಿದವರೆಲ್ಲ ವರ್ಷವಿಡೀ ನೋಡಬೇಕು. ಈ ಸಲ ಚಾಪೆಯ ಮೇಲಿದ್ದವರು ಇಬ್ಬರೇ, ಉಳಿದವರು ‘ಒಳಗೆ ಬರಲೇ’ ಎನ್ನುವಷ್ಟರಲ್ಲಿ ಹೊತ್ತು ಮೀರಿತ್ತು.

ಇಬ್ಬರೂ ಬಾಗಿಲಿಗೆ ಬಂದರು, ಕಣ್ಣು ಒರೆಸಿಕೊಳ್ಳುತ್ತಾ. ಚಿಕ್ಕಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದವನಲ್ಲ.

“ಮೊದ್ಲು ಒಂದು ಬೆಳಕು ಬಂತು” ಅಂದಳು ನೀಲಾಂಬಿಕೆ.

“ನಿಂಬೆಹಣ್ಣಿನಷ್ಟು,” ಅಂದಳು ಚಿಕ್ಕಮ್ಮ.

“ಆಮೇಲೆ ಅದು ಎದ್ದು ನಿಲ್ತು. ಆತುರ ಇಲ್ಲ ಏನಿಲ್ಲ...”

“ಹೊಸ ಸೊಸೆ ಪಡಸಾಲೆಗೆ ಬರೋ ಹಾಗೆ.”

“ಹಿನ್ನೀರೆಲ್ಲ ಕೆಂಪಾಯ್ತು. ಕೊಕ್ಕರೆ ಎದ್ದು ಹಾರಿದ್ವು...”

“ನೂರು ಕೊಕ್ಕರೆ.”

“ನೂರೈವತ್ತು. ತುದೀಲಿ ಬಂಗಾರ ಮಿನುಗ್ತಿತ್ತು ಅಧ್ಯಕ್ಷರೇ, ಇವಳ ಹೊದಿಕೇದು. ಇಲ್ಲಿವರೆಗೂ ಕಾಣಿಸ್ತು.”

ಚಿಕ್ಕಮ್ಮ ನೆಲ ನೋಡಿದಳು. ಗುರುಸಿದ್ಧಪ್ಪನವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸರದಿ ತಪ್ಪಿದ ಮನುಷ್ಯ ಸಿಟ್ಟಾಗುತ್ತಾರೆಂದು ನಾನು ಹೆದರಿದ್ದರೆ, ಅವರು ಕೈ ಮುಗಿದು “ಪುಣ್ಯವಂತರು” ಅಂದರು. ಪೇಂಟರು ನೂರೈವತ್ತು ಕೊಕ್ಕರೆ ಎಂಬುದನ್ನು ಪಕ್ಕದವರಿಗೆ ಇನ್ನೂರು ಮಾಡಿ ದಾಟಿಸುತ್ತಿದ್ದರು. “ಏನಯ್ಯ ಇಂದುಧರ, ನೀನು ಬಾಗಿಲಲ್ಲೇ ಇದ್ಯಲ್ಲ. ಹಾಗೇನಾ?” ಎಂದರು ಅಧ್ಯಕ್ಷರು.

“ಅವರು ಹೇಳಿದ ಹಾಗೇ ಸಾರ್” ಅಂದೆ.

ಜನ ಕರಗಿದರು. ಚಿಕ್ಕಮ್ಮನನ್ನು ಮನೆಗೆ ಕರೆದುಕೊಂಡು ಹೋಗೋಣವೆಂದು ನಾನು ಜಗಲಿಯಲ್ಲಿ ಕಾದೆ. ಅವಳು ಒಳಗೆ ಹೋಗಿ ಗೋಡೆಗೆ ಸರಿಸಿಟ್ಟಿದ್ದ ಯಂತ್ರದ ಪಕ್ಕ ಕೂತು, ಅರ್ಧ ಹೊಲಿದ ರವಿಕೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಲೆಯ ಮೇಲೆ ಏನೋ ಇಟ್ಟು ಬಂದ ನೀಲಾಂಬಿಕೆ ನನ್ನನ್ನು ಕಂಡಳು.

“ನೀನ್ಯಾಕೋ ಇನ್ನೂ ನಿಂತಿದೀಯ?”

“ಚಿಕ್ಕಮ್ಮನ್ನ ಬಿಟ್ಟು ಬರೋಣ ಅಂತ.”

“ಮೂರು ಬೀದಿ. ಅವಳಿಗೆ ದಾರಿ ಗೊತ್ತು.”

“ಸಂಜೆ ಬರ್ತೀನಿ ಹೋಗೋ,” ಎಂದು ಒಳಗಿನಿಂದಲೇ ಚಿಕ್ಕಮ್ಮ ಕೂಗಿದಳು. “ಬಾಗಿಲು ಎಳ್ಕೊಂಡು ಹೋಗು.”

ಎಳೆದುಕೊಂಡೆ. ಜಗಲಿ ಇಳಿಯುವಷ್ಟರಲ್ಲಿ ಬಾಗಿಲ ಹಿಂದಿನಿಂದ ನೀಲಾಂಬಿಕೆಯ ದನಿ ಕೇಳಿಸಿತು.

“ಈಗ ಹೇಳು.”

“ಏನೇ ಹೇಳ್ಲಿ?”

“ಹನ್ನೊಂದು ವರ್ಷದ್ದು. ಮೊದಲ್ನೇ ದಿನದಿಂದ ಹೇಳು.”